ಗೆದ್ದವನ ನೆಪ

ಪರೀಕ್ಷೆಯ ದಿನ ಬೆಳಿಗ್ಗೆ ಏಳೂವರೆಗೆ ಉಲ್ಫಾರ್ ಸೀನಿದ. ಸೀನಿದ್ದು ತಪ್ಪಲ್ಲ, ಸಾಲ್ಟ್‌ವೀಕ್ ಊರಿನ ಮೇ ತಿಂಗಳ ಗಾಳಿಗೆ ಸೀನದವರು ಯಾರೂ ಇಲ್ಲ. ಆದರೆ ಸೀನುವಾಗ ಅವನ ಬಾಯಲ್ಲಿ ಕ್ಲಾರಿನೆಟ್ಟಿನ ರೀಡು ಇತ್ತು. ಹೆಬ್ಬೆರಳಗಲದ ಆ ಜೊಂಡಿನ ಚಕ್ಕೆ ಅದುರಿದರೇನೇ ವಾದ್ಯದಲ್ಲಿ ನಾದ ಹುಟ್ಟುವುದು. ಅದನ್ನು ನಾಲಗೆಯ ಮೇಲಿಟ್ಟು ನೆನೆಸಿ ಹದ ಮಾಡುತ್ತಿದ್ದಾಗ ಸೀನು ಬಂತು. ರೀಡು ಬಾಣದ ಹಾಗೆ ಹಾರಿ, ಅಡುಗೆಮನೆಯ ಕಿಟಕಿಗೆ ಬಡಿದು, ತುದಿ ಮುರಿದುಕೊಂಡು ಹೆಂಡತಿಯ ಓಟ್ಸ್ ಗಂಜಿಯೊಳಗೆ ಬಿತ್ತು.

ಆಲ್ಡಿಸ್ ಅದನ್ನು ಚಮಚದಲ್ಲಿ ಎತ್ತಿ ನೋಡಿದಳು. "ಈ ಸಲದ ಕಾರಣ ಇದೇನಾ?" ಎಂದಳು.

ಉಲ್ಫಾರ್ ಚಮಚದಿಂದ ರೀಡನ್ನು ತೆಗೆದು ಅಂಗಿಗೆ ಒರೆಸಿದ. ಊರಿನ ಸಂಗೀತಶಾಲೆಯ ಮಧ್ಯಮ ದರ್ಜೆಯ ಪರೀಕ್ಷೆಯಲ್ಲಿ ಅವನು ಎರಡು ಸಲ ಫೇಲಾಗಿದ್ದ. ಮೊದಲ ಸಲ, ಹೀಟರು ಬುಸುಗುಟ್ಟಿ ಶ್ರುತಿ ಕೆಡಿಸಿತು ಎಂದಿದ್ದ. ಎರಡನೇ ಸಲ, ಪರೀಕ್ಷಕರ ಪೆನ್ನು ಕಾಗದದ ಮೇಲೆ ಕರಕರ ಅನ್ನುತ್ತಿತ್ತು ಎಂದಿದ್ದ. ಎರಡೂ ಸುಳ್ಳಲ್ಲ. ಆದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು ತನ್ನ ದುಃಖವನ್ನು ಬಂದವರಿಗೆಲ್ಲ ಹೇಳಿಕೊಂಡರೆ ಏನಾಗಬೇಕೋ ಅದೇ ಆಗಿತ್ತು. ಈಗ ಸ್ಟಾಂಪು ಕೊಳ್ಳಲು ಬಂದವರು "ಹೀಟರ್ ಸೌಖ್ಯವೇನಪ್ಪಾ?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಈ ಸಲ ಸೋತರೆ ನಗುವ ವಿಷಯವಾಗಿರಲಿಲ್ಲ. ಮೂರು ಸಲ ಫೇಲಾದವರು ಸಂಗೀತಶಾಲೆಯಲ್ಲಿ ಜಾಗ ಬಿಟ್ಟುಕೊಡಬೇಕು. ಕಾಯುವವರ ಪಟ್ಟಿ ಉದ್ದವಿತ್ತು. ನಲವತ್ಮೂರು ವರ್ಷದ ಉಲ್ಫಾರನಿಗೆ ಮಕ್ಕಳಿರಲಿಲ್ಲ, ದೋಣಿ ಇರಲಿಲ್ಲ, ಊರಿನ ಗಂಡಸರಿಗಿದ್ದ ಮೀನು ಹಿಡಿಯುವ ಹುಚ್ಚೂ ಇರಲಿಲ್ಲ. ಇದ್ದದ್ದು ವಾರಕ್ಕೊಂದು ಕ್ಲಾರಿನೆಟ್ ಪಾಠ. ಅದಕ್ಕಾಗಿ ಅಕ್ಟೋಬರಿನಿಂದ ಅವನು ಯಾರಿಗೂ ತಿಳಿಯದಂತೆ ಒಂದು ಕೆಲಸ ಮಾಡುತ್ತಿದ್ದ. ದಿನಾ ಐದು ಗಂಟೆಗೆ ಕಚೇರಿಯ ಬಾಗಿಲು ಹಾಕಿ, ಹಿಂದಿನ ಪಾರ್ಸೆಲ್ ಕೋಣೆಗೆ ಹೋಗಿ, ಬಾಗಿಲ ಸಂದಿಗೆ ಅಂಚೆಚೀಲ ತುರುಕಿ ಏಳರವರೆಗೆ ಅಭ್ಯಾಸ ಮಾಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಅಷ್ಟು ಅಭ್ಯಾಸ ಮಾಡಿಯೂ ಫೇಲಾದನಂತೆ ಅನ್ನಿಸಿಕೊಳ್ಳುವುದಕ್ಕಿಂತ, ಅಭ್ಯಾಸ ಮಾಡದೆ ಫೇಲಾದ ಅನ್ನಿಸಿಕೊಳ್ಳುವುದೇ ಅವನಿಗೆ ವಾಸಿಯಾಗಿ ಕಂಡಿತ್ತು.

ಪರೀಕ್ಷೆ ಎರಡು ಗಂಟೆಗೆ. ಪೆಟ್ಟಿಗೆಯಲ್ಲಿದ್ದ ಮಿಕ್ಕ ರೀಡುಗಳು ಸವೆದು ಹೋಗಿದ್ದವು. ಹೊಸದು ಬೇಕೆಂದರೆ ರಾಜಧಾನಿ ರೇಕ್ಯಾವಿಕ್ಕಿಗೆ ಹೋಗಬೇಕು, ಅಂದರೆ ಕಾರಿನಲ್ಲಿ ಆರು ಗಂಟೆಯ ದಾರಿ. ಗುರು ಸ್ಟೇನ್ವೋರ್ ಅವರನ್ನು ಕೇಳೋಣವೆಂದರೆ, "ಪರೀಕ್ಷೆಯ ದಿನ ನನ್ನ ಹತ್ತಿರ ಯಾವ ಕತೆಯನ್ನೂ ತರಬೇಡ" ಎಂದು ಆಕೆ ಹಿಂದಿನ ವಾರವೇ ಎಚ್ಚರಿಸಿದ್ದರು. ಕೊನೆಗೆ ಯೋರುನ್ ನೆನಪಾಗಿ, ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದೇ ಅವಳ ಅಂಗಡಿಗೆ ಹೋದ. ಬೇಕರಿಯ ಯೋರುನ್ ಈಗ ಹಾಡುಗಾರಿಕೆ ಕಲಿಯುತ್ತಿದ್ದರೂ ಹಿಂದೆ ಎರಡು ವರ್ಷ ಕ್ಲಾರಿನೆಟ್ ಊದಿದ್ದವಳು.

ಅವಳು ಹಿಟ್ಟಿನ ಕೈಯಲ್ಲೇ ಬಿಸ್ಕತ್ತಿನ ಡಬ್ಬ ತೆರೆದು, ಗುಂಡಿ, ಸೂಜಿ, ದಾಲ್ಚಿನ್ನಿ ಚಕ್ಕೆಗಳ ನಡುವಿನಿಂದ ಒಂದು ರೀಡು ಹೆಕ್ಕಿದಳು. ಉಲ್ಫಾರ್ ಮೂಸಿ ನೋಡಿದ. ಅದು ದಾಲ್ಚಿನ್ನಿಯೋ ರೀಡೋ ಎಂದು ತಿಳಿಯಲು ಅಂಚನ್ನು ನೋಡಬೇಕಾಯಿತು.

"ಯೋರುನ್, ನೀನು ನನ್ನ ಪ್ರಾಣ ಉಳಿಸಿದೆ."

"ರೀಡಿಂದ ಏನೂ ಆಗಲ್ಲ ಮಾರಾಯ. ಪರೀಕ್ಷೆ ಅಂದ್ರೆ ಅದೃಷ್ಟ. ನಾನು ಮೊದಲ ದರ್ಜೆ ಪಾಸಾದದ್ದು ಹೇಗೆ ಗೊತ್ತಾ? ಇವುಗಳಿಂದ." ಅವಳು ಕೌಂಟರಿನ ಕೆಳಗಿನಿಂದ ಗುಲಾಬಿ ಬಣ್ಣದ ಉಣ್ಣೆಯ ಕಾಲುಚೀಲಗಳನ್ನು ತೆಗೆದಳು. ಮಂಡಿಯವರೆಗೆ ಬರುವಂಥವು, ಬಲಗಾಲಿನ ಹೆಬ್ಬೆರಳಿನ ಕಡೆ ತೂತು.

"ಮತ್ತೆ ಹೋದ ವರ್ಷ ಫೇಲಾದೆಯಲ್ಲ?"

"ಅವತ್ತು ಒಗೆಯೋಕೆ ಹಾಕಿದ್ದೆ. ಅದಾದ ಮೇಲೆ ಒಗೆದೇ ಇಲ್ಲ. ಹಾಕ್ಕೋ, ಇಲ್ಲೇ ಹಾಕ್ಕೋ. ಬೇಡ ಅಂದ್ರೆ ರೀಡು ವಾಪಸ್ ಕೊಡು."

ಉಲ್ಫಾರ್ ಹಾಕಿಕೊಂಡ. ಅಷ್ಟರಲ್ಲಿ ಕೇತಿಲ್ ಒಳಗೆ ಬಂದ. ಬಂದರಿನಲ್ಲಿ ಕ್ರೇನ್ ಓಡಿಸುವ ಈತ ಸಂಗೀತಶಾಲೆಯಲ್ಲಿ ಟ್ಯೂಬಾ ಎಂಬ ಭಾರೀ ಹಿತ್ತಾಳೆಯ ಕಹಳೆ ಕಲಿಯುತ್ತಿದ್ದ. ಬಂದವನೇ ಉಲ್ಫಾರನ ಕಾಲು ನೋಡಿ, ಎರಡು ಬ್ರೆಡ್ಡು ಬೇಕೆಂದು ಹೇಳಲು ಬಂದದ್ದನ್ನೇ ಮರೆತ.

"ಕಾಲುಚೀಲದಿಂದ ಪಾಸಾಗೋ ಹಾಗಿದ್ರೆ ಕುರಿಗಳೆಲ್ಲ ಪ್ರೊಫೆಸರಾಗಿರ್ತಿದ್ವು ಕಣೋ," ಎಂದ ಕೇತಿಲ್. "ಎರಡೇ ವಿಷಯ. ಒಂದು ರಕ್ತ, ಇನ್ನೊಂದು ಪರೀಕ್ಷಕರು. ನಾನು ಪಾಸಾದರೆ ಅದು ನಮ್ಮಜ್ಜನ ಶ್ವಾಸಕೋಶ. ಫೇಲಾದರೆ ಅದು ಪರೀಕ್ಷಕರ ಹೊಟ್ಟೆ. ಈ ಗಾಳಿಯಲ್ಲಿ ಆ ಪುಟ್ಟ ವಿಮಾನದಲ್ಲಿ ಇಳಿದವರಿಗೆ ಯಾವ ಸಂಗೀತ ಹಿಡಿಸುತ್ತೆ ಹೇಳು? ಇವತ್ತು ಬರ್ತಿರೋದು ಎಡ್ಡಾ ಅಂತೆ. ಅವರನ್ನ ಕರ್ಕೊಂಡು ಬರೋಕೆ ನಾನೇ ಹೋಗ್ತಿದ್ದೀನಿ. ನೀನೂ ಬಾ. ದಾರೀಲಿ ಮೆತ್ತಗೆ ಮಾಡಿಬಿಡೋಣ."

"ಬೇಡಪ್ಪಾ, ನಾನು ಮನೆಗೆ ಹೋಗಿ ಸ್ವಲ್ಪ..."

"ಸ್ವಲ್ಪ ಏನು? ಇನ್ನು ಮೂರು ಗಂಟೆಯಲ್ಲಿ ಕಲಿತು ಮುಗಿಸ್ತೀಯಾ? ಹತ್ತು ಗಾಡಿ!"

ಕೇತಿಲನ ಪಿಕಪ್ಪಿನಲ್ಲಿ ಹಿಂದಿನ ದಿನದ ಗಾಳದ ಮೀನಿನ ವಾಸನೆ ಇನ್ನೂ ಇಳಿದಿರಲಿಲ್ಲ. ವಿಮಾನದಿಂದ ಇಳಿದ ಎಡ್ಡಾ ಅದರ ಓಲಾಟಕ್ಕೆ ಮೊದಲೇ ಹಸಿರು ಬಣ್ಣಕ್ಕೆ ತಿರುಗಿದ್ದರು. ಇಬ್ಬರು ಗಂಡಸರ ನಡುವೆ ಕೂತ ಮೇಲೆ ಬೂದು ಬಣ್ಣಕ್ಕೆ ಬಂದರು. ಕೇತಿಲ್ ಅವರಿಗೆ ಒಣಮೀನಿನ ಪೊಟ್ಟಣ ಚಾಚಿದ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು, ಅಲ್ಲಿ ಉಲ್ಫಾರ್ ಇದ್ದ. ಅವನು ನಕ್ಕ. ಬೇರೇನು ಮಾಡಲು ಸಾಧ್ಯ?

ಅರ್ಧ ದಾರಿಯಲ್ಲಿ ಪಿಕಪ್ಪಿನ ಹಿಂದಿನ ಚಕ್ರ ಕೆಸರಿನಲ್ಲಿ ಹೂತಿತು. ಉಲ್ಫಾರನೇ ಇಳಿದು ತಳ್ಳಬೇಕಾಯಿತು. ಗಾಳಿಗೆ ಬೆರಳು ಮರಗಟ್ಟಿ ಕೊರಡಾದವು. ಮುಂದೆ, ತೆರೆದ ಕಿಟಕಿಯಿಂದ, ಕೇತಿಲನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಹಿಂದೆ ತಳ್ತಿದ್ದಾನಲ್ಲ ಎಡ್ಡಾ, ಅವನು ನಮ್ಮೂರಿನ ಅದ್ಭುತ. ವಾದ್ಯ ಮುಟ್ಟೋದೇ ಇಲ್ಲ! ಚಳಿಗಾಲ ಪೂರ್ತಿ ಅವನ ಮನೆಯಿಂದ ಒಂದು ಸ್ವರ ಕೇಳಿದವರಿಲ್ಲ. ಆದ್ರೂ ನುಡಿಸ್ತಾನೆ. ಹುಟ್ಟಿನಿಂದಲೇ ಬಂದದ್ದು!"

"ಅಯ್ಯೋ, ಇಲ್ಲ..." ಎಂದು ಉಲ್ಫಾರ್ ಬಾಯಿ ತೆರೆದ. ಅದೇ ಗಳಿಗೆಗೆ ಚಕ್ರ ಗಿರ್ರನೆ ತಿರುಗಿತು. ಅವನ ಮಾತಿನ ಉಳಿದ ಭಾಗ ಕೆಸರಿನ ಕೆಳಗೆ ಹೋಯಿತು.

ಶಾಲೆಗೆ ಬಂದಾಗ ಎರಡಕ್ಕೆ ಐದು ನಿಮಿಷ. ಎಲ್ಲರಂತೆ ಅವನೂ ಬಾಗಿಲಲ್ಲಿ ಬೂಟು ಕಳಚಿಟ್ಟ. ಮುಖ ತೊಳೆದರೂ ಕಿವಿಯೊಳಗೆ ಕೆಸರಿತ್ತು. ಗುಲಾಬಿ ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಒಳಗೆಳೆದುಕೊಂಡು ಸಭಾಂಗಣಕ್ಕೆ ಕಾಲಿಟ್ಟ. ಪಿಯಾನೊ ಮುಂದೆ ಕೂತಿದ್ದ ಸ್ಟೇನ್ವೋರ್ ಅವನನ್ನು ತಲೆಯಿಂದ ಪಾದದವರೆಗೆ ನೋಡಿದರು. ಪಾದದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಶುರು ಮಾಡೋಣ್ವಾ?"

ಉಲ್ಫಾರ್ ಊದಿದ. ಮೊದಲ ಸ್ವರವೇ, ಮೊಟ್ಟೆಯ ಮೇಲೆ ಕೂತ ಕಡಲ ಬಾತುಕೋಳಿಯನ್ನು ತುಳಿದರೆ ಕೇಳುವಂಥ ಕೂಗಾಗಿ ಹೊರಬಂತು. ಹೊರಗೆ ಕಿಟಕಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ಮುಗಿಯಿತು ಅಂದುಕೊಂಡ ಉಲ್ಫಾರ್. ಮುಗಿದೇ ಹೋದ ಮೇಲೆ ಹೆದರುವುದು ಯಾಕೆ? ಕಣ್ಣು ಮುಚ್ಚಿದ. ಬೆರಳುಗಳು, ಪಾರ್ಸೆಲ್ ಕೋಣೆಯಲ್ಲಿ ಏಳು ತಿಂಗಳು ಓಡಾಡಿದ ದಾರಿಯಲ್ಲಿ ತಾವೇ ನಡೆದವು. ನಿಧಾನದ ಭಾಗ ಬಂದಾಗ ಬಾಯಲ್ಲಿ ದಾಲ್ಚಿನ್ನಿಯ ರುಚಿ, ಎದೆಯಲ್ಲಿ ಏನೋ ಒಂದು ಬಿಸುಪು. ಇದೇ ನನ್ನ ಕೊನೆಯ ಪಾಠ ಅನ್ನಿಸಿ ಒಂದೊಂದು ಸ್ವರವನ್ನೂ ಬಿಡಲಾರದೆ ಬಿಟ್ಟ. ಮುಗಿದಾಗ ಯಾರೂ ಮಾತಾಡಲಿಲ್ಲ. ಮೌನ ಎಂದರೆ ಫೇಲು ಎಂದು ಅವನಿಗೆ ಎರಡು ಸಲದ ಅನುಭವದಿಂದ ಗೊತ್ತಿತ್ತು.

ಎಡ್ಡಾ ಒಂದು ಹಾಳೆ ಕೊಟ್ಟರು. "ಈ ವರ್ಷದಿಂದ ಇದು ಹೊಸದು. ಫಲಿತಾಂಶಕ್ಕೆ ಮುಂಚೆ ವಿದ್ಯಾರ್ಥಿ ತಾನೇ ಬರೀಬೇಕು."

ಹಾಳೆಯಲ್ಲಿ ಒಂದೇ ಪ್ರಶ್ನೆ: *ನೀವು ಇಂದು ಹೀಗೆ ನುಡಿಸಿದ್ದಕ್ಕೆ ಕಾರಣವೇನು?*

ಉಲ್ಫಾರ್ ಕಾರಿಡಾರಿನ ಬೆಂಚಿನ ಮೇಲೆ ಕೂತು ಪೆನ್ನು ಕಚ್ಚಿದ. ಕಾರಣಗಳಿಗೇನು ಬರ? ಸೀನು, ಕೆಸರು, ಗಾಳಿ, ಮರಗಟ್ಟಿದ ಬೆರಳು. ಒಂದೊಂದೂ ಅಪ್ಪಟ ಸತ್ಯ. ಆದರೆ ಮತ್ತೆ ಕೌಂಟರಿನಲ್ಲಿ ಕೂತು "ಕೆಸರು ಸೌಖ್ಯವೇ?" ಎಂದು ಕೇಳಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಮೇಲಾಗಿ, ಹೊರಟು ಹೋಗುವಾಗ ದೂರು ಹೇಳಿ ಹೋಗಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷ ಈ ಶಾಲೆಯ ಬಾಗಿಲಲ್ಲಿ ಬೂಟು ಬಿಟ್ಟಿದ್ದ. ಆ ನೆನಪಿಗೆ ಕಣ್ಣು ಒದ್ದೆಯಾಯಿತು. ಬರೆದ:

*ತಪ್ಪೆಲ್ಲ ನನ್ನದೇ. ನಾನು ಸೋಮಾರಿ. ಅಭ್ಯಾಸ ಸಾಲದು. ಎಲ್ಲಿಯಾದರೂ ಒಂದು ಸ್ವರ ಸರಿಯಾಗಿ ಬಂದಿದ್ದರೆ ಅದು ನನ್ನದಲ್ಲ. ಹನ್ನೊಂದು ವರ್ಷ ನನ್ನನ್ನು ಸಹಿಸಿದ ಸ್ಟೇನ್ವೋರ್ ಅವರದು, ರೀಡು ಕೊಟ್ಟ ಯೋರುನಳದು, ಜೊತೆಗೆ ನಿಂತ ಕೇತಿಲನದು, ಹಿಂದೆ ನಾನು ಮನೆಯಲ್ಲಿ ಊದುವಾಗ ತಲೆಯ ಮೇಲೆ ದಿಂಬಿಟ್ಟುಕೊಂಡಾದರೂ ನನ್ನನ್ನು ಬಿಟ್ಟು ಹೋಗದ ಆಲ್ಡಿಸಳದು. ಎಲ್ಲರಿಗೂ ನಾನು ಋಣಿ.*

ನಾಲ್ಕು ಗಂಟೆಗೆ ಕಾಫಿ, ಕೇಕುಗಳ ಜೊತೆ ಫಲಿತಾಂಶ. ಯೋರುನ್ ಟ್ರೇ ಹಿಡಿದು ಬಂದಿದ್ದಳು, ಕೇತಿಲ್ ಟ್ರೇಯ ಹಿಂದೆ ಬಂದಿದ್ದ, ಆಲ್ಡಿಸ್ ಗೋಡೆಯ ಪಕ್ಕ ನಿಂತಿದ್ದಳು. ಎಡ್ಡಾ ಕನ್ನಡಕ ಏರಿಸಿ ಓದಿದರು:

"ಉಲ್ಫಾರ್. ಹತ್ತಕ್ಕೆ ಒಂಬತ್ತೂವರೆ. ಪಾಸ್."

ಉಲ್ಫಾರ್ ಹತ್ತಿರವಿದ್ದ ಕುರ್ಚಿ ಹಿಡಿದುಕೊಂಡ.

"ಕಾಲುಚೀಲ!" ಎಂದು ಯೋರುನ್ ಚೀರಿದಳು.

"ನನ್ನ ಪಿಕಪ್!" ಎಂದ ಕೇತಿಲ್. "ಪರೀಕ್ಷಕರನ್ನ ಮೆತ್ತಗೆ ಮಾಡಿದ್ದು ಯಾರು?"

ಉಲ್ಫಾರ್ ಇಬ್ಬರನ್ನೂ ತಬ್ಬಿಕೊಂಡ. ಅವರ ಮಾತು ಸುಳ್ಳೆಂದು ಹೇಳುವ ಮನಸ್ಸೇ ಅವನಿಗೆ ಬರಲಿಲ್ಲ. ಸ್ಟೇನ್ವೋರ್ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮಿಂದ..." ಎಂದ.

"ಒಂದು ನಿಮಿಷ," ಎಂದರು ಎಡ್ಡಾ. ಹಾಳೆ ಅವರ ಕೈಯಲ್ಲಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಯೋರುನ್ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. ಆದರೆ ಸ್ಟೇನ್ವೋರ್ ಅವರ ಮುಖ ಬಿಗಿಯುತ್ತಾ ಬಂತು.

"ಸೋಮಾರಿ!" ಎಂದರು. "ಅಭ್ಯಾಸ ಮಾಡದೇ ಹೀಗೆ ನುಡಿಸೋನು, ಅಭ್ಯಾಸ ಮಾಡಿದ್ರೆ ಏನಾಗ್ತಿದ್ದ! ಹನ್ನೊಂದು ವರ್ಷ ನನಗೆ ಮೋಸ ಮಾಡಿದೆಯಲ್ಲ ಉಲ್ಫಾರ್."

"ದಾರಿಯಲ್ಲಿ ಇವರೂ ಅದನ್ನೇ ಹೇಳಿದ್ರು," ಎಂದು ಎಡ್ಡಾ ಕೇತಿಲನ ಕಡೆ ತೋರಿಸಿದರು. "ಇಂಥ ಪ್ರತಿಭೆ ಇಟ್ಕೊಂಡು ಮುಟ್ಟದೇ ಇರೋದು ಪಾಪ."

ಉಲ್ಫಾರ್ ಗಾಬರಿಯಾದ. "ಇಲ್ಲ, ಇಲ್ಲ! ನಾನು ಅಭ್ಯಾಸ ಮಾಡಿದ್ದೀನಿ! ದಿನಾ ಎರಡು ಗಂಟೆ! ಅಕ್ಟೋಬರಿನಿಂದ!"

ಕೋಣೆಯೆಲ್ಲ ನಗೆಯಾಯಿತು.

"ಎಲ್ಲಿ?" ಎಂದರು ಸ್ಟೇನ್ವೋರ್.

"ಅಂಚೆ ಕಚೇರಿಯ ಪಾರ್ಸೆಲ್ ಕೋಣೆಯಲ್ಲಿ."

"ಕೇಳಿದವರು ಯಾರು?"

"ಯಾರೂ ಇಲ್ಲ. ಬಾಗಿಲಿಗೆ ಅಂಚೆಚೀಲ ತುರುಕಿರ್ತಿದ್ದೆ."

ಕೇತಿಲನಿಗೆ ಕೇಕು ನೆತ್ತಿಗೇರಿತು. ಸ್ಟೇನ್ವೋರ್ ತಲೆಯಾಡಿಸಿದರು. "ನೋಡು ಉಲ್ಫಾರ್, ಸೋತಾಗ ನೆಪ ಹೇಳೋರನ್ನ ನಲವತ್ತು ವರ್ಷದಿಂದ ನೋಡ್ತಿದ್ದೀನಿ. ಗೆದ್ದ ಮೇಲೂ ನೆಪ ಹೇಳೋನನ್ನ ಇವತ್ತೇ ನೋಡಿದ್ದು. ಬರೆದಿದ್ದೀಯಲ್ಲ, ಅದು ನೀನು ಬಾಳಲ್ಲಿ ಹೇಳಿದ ಮೊದಲ ನಿಜ. ಅದನ್ನ ಕೆಡಿಸಬೇಡ."

ತೀರ್ಮಾನ ಅಲ್ಲೇ ಆಯಿತು. ನಾಳೆಯಿಂದ ಭಾನುವಾರ ಬಿಟ್ಟು ಪ್ರತಿದಿನ ಐದರಿಂದ ಏಳರವರೆಗೆ ಉಲ್ಫಾರ್ ಶಾಲೆಯ ಮೂರನೇ ನಂಬರ್ ಕೋಣೆಯಲ್ಲಿ ಸ್ಟೇನ್ವೋರ್ ಅವರ ಕಣ್ಣೆದುರಿಗೆ ಅಭ್ಯಾಸ ಮಾಡಬೇಕು. ಅವರಿಗೆ ಬಿಡುವಿಲ್ಲದ ದಿನ ಯೋರುನ್ ಕಾವಲು, ಅವಳಿಗಾಗದಿದ್ದರೆ ಕೇತಿಲ್. ಒಂದು ದಿನ ತಪ್ಪಿದರೂ ಜಾಗ ಹೋದಂತೆ.

ಉಲ್ಫಾರ್ ಗೋಡೆಯ ಕಡೆ ಸರಿದು ಹೆಂಡತಿಯ ಪಕ್ಕ ನಿಂತ. "ನೀನಾದ್ರೂ ನಂಬ್ತೀಯಾ?" ಎಂದ, ಸಣ್ಣ ದನಿಯಲ್ಲಿ.

"ನಂಬೋದೇನು ಬಂತು? ನಂಗೆ ಗೊತ್ತು," ಎಂದಳು ಆಲ್ಡಿಸ್. "ಸಂಜೆ ಈಜುಕೊಳದಿಂದ ಬರುವಾಗ ದಿನಾ ಆ ಕೋಣೆಯ ಹಿಂದೆ ನಿಂತು ಕೇಳ್ತಿದ್ದೆ. ಚಳಿಗೆ ಕೂದಲು ಮಂಜುಗಡ್ಡೆಯಾಗೋವರೆಗೂ. ಫೆಬ್ರವರಿಯಿಂದ ತುಂಬಾ ಚೆನ್ನಾಗಿ ನುಡಿಸ್ತಿದ್ದೀಯ ಕಣೋ."

ಉಲ್ಫಾರನಿಗೆ ಒಂಬತ್ತೂವರೆ ಅಂಕಕ್ಕಿಂತ ಇದೇ ದೊಡ್ಡದೆನ್ನಿಸಿತು. ಅವಳ ಕೈ ಹಿಡಿದುಕೊಂಡ. "ಹಾಗಾದ್ರೆ ಹೇಳು! ಅವರಿಗೆ ಹೇಳು!"

"ಹೇಳಿದ್ರೆ ಏನಂತಾರೆ? 'ಪಾಪ, ಅಂಚೆಚೀಲದ ನಡುವೆ ಯಾಕೆ, ಇನ್ಮೇಲೆ ಮನೆಯಲ್ಲೇ ಧಾರಾಳವಾಗಿ ನುಡಿಸು' ಅಂತಾರೆ." ಅವಳು ಅವನ ಕಿವಿಯಲ್ಲಿದ್ದ ಕೆಸರನ್ನು ಕರವಸ್ತ್ರದ ತುದಿಯಿಂದ ಮೆಲ್ಲಗೆ ಒರೆಸಿದಳು. "ನೀನು ಚೆನ್ನಾಗಿ ನುಡಿಸೋದು ನಿಜ. ಆದರೆ ಅದು ಗೋಡೆಯ ಆಚೆಯಿಂದ ಕೇಳಿದ್ರೆ."

ಆಮೇಲೆ ಆಲ್ಡಿಸ್ ನೇರವಾಗಿ ಸ್ಟೇನ್ವೋರ್ ಅವರ ಹತ್ತಿರ ಹೋಗಿ, ಎಲ್ಲರ ಎದುರಿಗೆ ಅವರ ಕೈ ಕುಲುಕಿದಳು.

"ತುಂಬಾ ಉಪಕಾರವಾಯ್ತು," ಎಂದಳು. "ಭಾನುವಾರವೂ ಇಟ್ಕೊಳ್ಳೋಕಾಗುತ್ತಾ?"