ರಮಾನಂದ ಕೈ ಎತ್ತಿದ್ದು

ಎಲ್ಲದಕ್ಕೂ ಮೂಲ ಹೋದ ವರ್ಷದ ಒಂದು ನೀಲಿ ಅಂಗಿ.

ರಮಾನಂದ ಕೆಲಸ ಮಾಡುವ ಸಹಕಾರಿ ಸಂಘದಲ್ಲಿ ವರ್ಗಾವಣೆ ಆಗುವುದು ಕೈ ಎತ್ತುವುದರಿಂದ. ವರ್ಷಕ್ಕೊಮ್ಮೆ ಎಲ್ಲ ಶಾಖೆಯವರೂ ಕುಮಟೆಯ ಮುಖ್ಯ ಕಚೇರಿಯಲ್ಲಿ ಸೇರುತ್ತಾರೆ. ಮ್ಯಾನೇಜರ್ ಗುರುದತ್ತರು ಖಾಲಿ ಇರುವ ಜಾಗದ ಹೆಸರು ಹೇಳುತ್ತಾರೆ. ಯಾರ ಕೈ ಮೊದಲು ಮೇಲೆ ಹೋಯಿತೋ, ಜಾಗ ಅವರದ್ದು. ರಮಾನಂದನ ಮನೆ ಹೊನ್ನಾವರದಲ್ಲಿ, ಕೆಲಸ ಕತಗಾಲದಲ್ಲಿ. ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿದು ಒಂಬತ್ತು ವರ್ಷದಲ್ಲಿ ಮನುಷ್ಯ ಸವೆದು ಹೋಗಿದ್ದ. ಹೋದ ವರ್ಷ ಹೊನ್ನಾವರ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕೈ ಎತ್ತಲು ಹೊರಟವನಿಗೆ, ಕಂಕುಳಲ್ಲಿ ಬೆವರಿ ಅಂಗೈಯಗಲ ಒದ್ದೆಯಾದ ನೀಲಿ ಅಂಗಿಯ ನೆನಪಾಯಿತು. ನಾಚಿಕೆಯಿಂದ ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಇನ್ನೊಂದು ಶಾಖೆಯ ದಿನೇಶನ ಕೈ ಮೇಲಿತ್ತು.

ಈ ವರ್ಷ ಹೊನ್ನಾವರದಲ್ಲಿ ಮತ್ತೊಂದು ಜಾಗ ಖಾಲಿ. ಈ ಸಲ ಬಿಡಲೇಬಾರದೆಂದು ರಮಾನಂದ ಬೆವರು ನಿಲ್ಲಿಸುವ ರೋಲ್-ಆನ್ ತಂದ. ಸಭೆಯ ಹಿಂದಿನ ಸಂಜೆಯೆಲ್ಲ ಮೊಬೈಲಿನಲ್ಲಿ ಅದರದ್ದೇ ವಿಡಿಯೊ. ನಡುನಡುವೆ ಟಿಣ್ ಎನ್ನುತ್ತಿದ್ದ ಸಂಘದ ವಾಟ್ಸಾಪ್ ಗ್ರೂಪಿನ ಬಾಯಿ ಮುಚ್ಚಿಸಿದ. ಕೂದಲು ತೆಗೆದರೆ ಔಷಧ ಚೆನ್ನಾಗಿ ಹಿಡಿಯುತ್ತದೆ ಎಂಬಲ್ಲಿಯವರೆಗೆ ಕೇಳಿ, ಮುಂದಿನದನ್ನು ಕೇಳುವ ತಾಳ್ಮೆಯಿಲ್ಲದೆ ಮಲಗಿದ.

ಬೆಳಿಗ್ಗೆ ಹಳೇ ಬ್ಲೇಡಿನಲ್ಲಿ ಗಡಿಬಿಡಿಯಿಂದ ಎರಡೂ ಕಂಕುಳು ಹೆರೆದು, ನೀರು ಆರುವ ಮೊದಲೇ ರೋಲ್-ಆನ್ ಉಜ್ಜಿದ. ಮೂರು ಎಣಿಸುವುದರೊಳಗೆ ಸೂಜಿಮೆಣಸು ಅರೆದು ಮೆತ್ತಿದಂತಾಯಿತು.

ಕೈ ಎರಡನ್ನೂ ಹೊರಗೆ ಚಾಚಿ ಅಂಗಳದಲ್ಲಿ ಕುಣಿಯುತ್ತಿದ್ದವನನ್ನು ಪಕ್ಕದ ಮನೆಯ ಮಾಸ್ತಮ್ಮ ಬೇಲಿಯಾಚೆಯಿಂದ ಕಂಡಳು. ಬಾಯಿ ಬಿಡಿಸಿ ವಿಷಯ ತಿಳಿದುಕೊಂಡವಳೇ ಒಳಗಿನಿಂದ ಪಟಿಕದ ತುಂಡು ತಂದಳು.

"ನಮ್ಮನೆಯವ್ರು ಗಡ್ಡ ಹೆರೆದ್ಮೇಲೆ ಇದ್ನೇ ತಿಕ್ಕೂದು. ನಲ್ವತ್ತು ವರ್ಷ ಆತು, ಎಂತದೂ ಆಗ್ಲಿಲ್ಲ."

ರಮಾನಂದ ತಿಕ್ಕಿದ. ಮೊದಲಿನ ಉರಿ ಏನೂ ಅಲ್ಲ ಎಂದು ಆಗ ಗೊತ್ತಾಯಿತು.

ಅವನ ಕೂಗಿಗೆ ಎದುರು ಮನೆಯ ರಿಕ್ಷಾ ಸಂಜಯ ಓಡಿ ಬಂದ. ಎಡಗೈ ನೋವೆಂದರೆ ಹೃದಯಾಘಾತವೆಂದು ಅವನಿಗೆ ಎಲ್ಲಿಂದಲೋ ಮೆಸೇಜು ಬಂದಿತ್ತು. ಮಾತಿಗೆ ಅವಕಾಶ ಕೊಡದೆ ರಮಾನಂದನನ್ನು ರಿಕ್ಷಾದೊಳಗೆ ತುಂಬಿದ.

"ಎಡಗೈ ಅಲ್ಲ ಮಾರಾಯ, ಎರಡೂ ಕಡೆ ಉರೀತದೆ."

"ಹಾಂಗಾದ್ರೆ ಡಬಲ್ ಅಟ್ಯಾಕು," ಎಂದು ಸಂಜಯ ವೇಗ ಹೆಚ್ಚಿಸಿದ.

ಆಸ್ಪತ್ರೆಗೆ ಹೋದರೆ ಸಭೆ ತಪ್ಪುತ್ತದೆ. ರಮಾನಂದ ಸಂಜಯನ ಕೈಕಾಲು ಹಿಡಿದು ಬಸ್‌ಸ್ಟ್ಯಾಂಡಿನ ಔಷಧಿ ಅಂಗಡಿ ಮುಂದೆ ರಿಕ್ಷಾ ನಿಲ್ಲುವಂತೆ ಮಾಡಿದ. ಅವನು ಪಿಸುಗುಟ್ಟಿದ್ದನ್ನು ಸಂಜಯ ಎಲ್ಲರಿಗೂ ಕೇಳುವಂತೆ ವಿವರಿಸಿದ. ಅಂಗಡಿಯ ನೇತ್ರಾ ನಗು ತಡೆದುಕೊಂಡಳು.

"ಹೆರೆದ ಕೂಡ್ಲೆ ಹಚ್ಚುದಲ್ಲ ಮಾರಾಯ್ರೆ, ಚರ್ಮ ಗೀರಿರ್ತದೆ. ಒಂದು ದಿನ ಬಿಟ್ಟು, ರಾತ್ರಿ ಮಲಗೂವಾಗ ಒಣಗಿದ ಮೈಗೆ ಹಚ್ಬೇಕು. ಈಗ ತಣ್ಣೀರಲ್ಲಿ ತೊಳ್ಕಣಿ. ಕೈ ಮೇಲಿಟ್ಟು ಗಾಳಿ ಆಡೂಕೆ ಬಿಡಿ."

ಅಂಗಡಿಯಲ್ಲಿದ್ದ ಆರು ಜನ ಗಿರಾಕಿಗಳು ರಮಾನಂದನ ಕಂಕುಳ ಕಡೆಗೆ ಮರುಕದಿಂದ ನೋಡಿದರು.

ನಲ್ಲಿಯಲ್ಲಿ ತೊಳೆದುಕೊಂಡು ಕುಮಟೆ ಬಸ್ಸು ಹತ್ತಿದ. ಸೀಟು ಖಾಲಿ ಇದ್ದರೂ ಎರಡೂ ಕೈಯಲ್ಲಿ ಮೇಲಿನ ಸರಳು ಹಿಡಿದು ನಿಂತೇ ಹೋದ. ಕೂತುಕೊಳ್ಳಿ ಎಂದು ಕಂಡಕ್ಟರ್ ಮೂರು ಸಲ ಹೇಳಿ ಕೈಬಿಟ್ಟ.

ಕಚೇರಿ ಮುಟ್ಟುವಾಗ ಸಭೆ ಸುರುವಾಗಿತ್ತು. ರಮಾನಂದ ನೇರ ಫ್ಯಾನಿನ ಕೆಳಗೆ ಕುಳಿತು ಎರಡೂ ಕೈ ನೆಟ್ಟಗೆ ಎತ್ತಿದ. ಗಾಳಿ ಆಡಿತು, ಉರಿ ತಗ್ಗಿತು. ಬೆಳಗಿನಿಂದ ಮೊದಲ ಸಲ ಅವನಿಗೆ ಸುಖವೆನಿಸಿತು. ಅಂಗಿ ಒಣಗಿಯೇ ಇದೆ, ಕೈ ಈಗಾಗಲೇ ಮೇಲಿದೆ. ಈ ಸಲ ತನಗಿಂತ ಮೊದಲು ಯಾರು ಎತ್ತುತ್ತಾರೋ ನೋಡೋಣ ಎಂದುಕೊಂಡ.

ಗುರುದತ್ತರು ಕನ್ನಡಕ ಏರಿಸಿದರು.

"ಹೋದ ವರ್ಷ ಯಾರ ಕೈ ಮೊದ್ಲು ಅಂತ ತಕರಾರು ಬಂತು. ಅದ್ಕೇ ಈ ಸಲ ಖಾಲಿ ಜಾಗದ ಹೆಸ್ರು ನಿನ್ನೆ ಸಂಜೆಯೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಮೊದ್ಲು ಹೆಬ್ಬೆರಳಿನ ಚಿತ್ರ ಒತ್ತಿದ್ದು ಮಧುರಾ. ಹೊನ್ನಾವರ ಮಧುರಾಗೆ. ಒಪ್ಪಿಗೆ ಇದ್ದವ್ರು ಕೈ ಎತ್ತಿ."

ನಿನ್ನೆ ತಾನೇ ಬಾಯಿ ಮುಚ್ಚಿಸಿದ ಗ್ರೂಪು ನೆನಪಾಗಿ ರಮಾನಂದನಿಗೆ ಕೈ ಇಳಿಸುವುದೇ ಮರೆತುಹೋಯಿತು. ಗುರುದತ್ತರ ಕಣ್ಣು ಅವನ ಮೇಲೆ ಬಿತ್ತು. ಒಂಬತ್ತು ವರ್ಷದಿಂದ ಆ ಜಾಗಕ್ಕೇ ಕಾದವನು ಎರಡು ಕೈಯೆತ್ತಿ ಒಪ್ಪಿದ್ದನ್ನು ಕಂಡು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ದೊಡ್ಡ ಮನಸ್ಸಿನವರು ಕತಗಾಲದಲ್ಲೇ ಇನ್ನು ಮೂರು ವರ್ಷ ಇರಬೇಕು, ಅದಕ್ಕೆ ಯಾರ್ಯಾರ ಒಪ್ಪಿಗೆಯಿದೆ ಎಂದು ಕೇಳಿದರು.

ಇಲ್ಲ ಎನ್ನಲು ರಮಾನಂದ ಗಕ್ಕನೆ ಕೈ ಇಳಿಸಿದ. ಹೆರೆದ ಚರ್ಮಕ್ಕೆ ಅಂಗಿ ಉಜ್ಜಿ ಉರಿ ಮತ್ತೆ ಎದ್ದಿತು. ಎರಡೂ ಕೈ ಮೊದಲಿಗಿಂತ ಎತ್ತರಕ್ಕೆ, ಎಲ್ಲರಿಗಿಂತ ಮೊದಲು ಹಾರಿದವು.

ಸಭೆ ಚಪ್ಪಾಳೆ ತಟ್ಟಿತು. ಅಂಗಿಯ ಮೇಲೆ ಒಂದು ಹನಿ ಬೆವರಿನ ಗುರುತೂ ಇರಲಿಲ್ಲ.