ಕೇಳಬಾರದ ಪಾಸ್‌ಪೋರ್ಟ್

ಶ್ರೀಹರಿಯ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಚಾಮರಾಜಪೇಟೆಯ ಅವನ ಮನೆಗೆ ಎಂದಿನಂತೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಜುಮಾಗೆ ಮಾತ್ರ ದಿಗಿಲು.

ಅವನು ತಾಂಜಾನಿಯಾದಿಂದ ಬಿ.ಕಾಂ. ಓದಲು ಬಂದವನು. ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಕೊಡಬೇಕೆಂದು ಶ್ರೀಹರಿ ಅವನ ಪಾಸ್‌ಪೋರ್ಟನ್ನು ಜೆರಾಕ್ಸ್ ಮಾಡಿಸಲು ತೆಗೆದುಕೊಂಡಿದ್ದ. ಅದನ್ನು ಹಿಂದಿರುಗಿಸುವ ಮೊದಲೇ, ಆ ವಾರವೇ ಎದೆನೋವು ಬಂದು ತೀರಿಕೊಂಡ. ವಿದೇಶಿಯರ ನೋಂದಣಿ ಕಚೇರಿಯಲ್ಲಿ ವಾಸದ ಪರವಾನಗಿ ನವೀಕರಿಸಲು ಇವತ್ತೇ ಕಡೆಯ ದಿನ. ಸಂಜೆ ಐದರೊಳಗೆ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬೀಳದಿದ್ದರೆ ಕಾಲೇಜಿನವರು ಪರೀಕ್ಷೆಗೆ ಕೂರಿಸುವುದಿಲ್ಲ.

ಮೆಟ್ಟಿಲಿಳಿಯುವಾಗಲೇ ಎದುರುಮನೆಯ ಶೈಲಜಮ್ಮ ತಡೆದು ವಿಷಯ ತಿಳಿದುಕೊಂಡರು.

“ಸಾವಾದ ಮನೇಲಿ ನಂದು ಕೊಡಿ ಅಂತ ಕೇಳ್ತಾರೇನಪ್ಪಾ? ಸುಮ್ನೆ ಹೋಗಿ ಕೂತ್ಕೊ. ಮಧುರಾಗೇ ನೆನಪಾಗತ್ತೆ. ಏಳುವಾಗ ಬರ್ತೀನಿ ಅಂತಾನೂ ಅನ್ಬೇಡ.”

ಜುಮಾ ಹೋಗಿ ಕೂತ. ಶ್ರೀಹರಿಯ ಹೆಂಡತಿ ಮಧುರಾ ಎದುರಿಗೆ ಕೂತಳು. ಉತ್ತರ ಗೊತ್ತಿದ್ದೂ ಪೆನ್ನು ಮರೆತು ಬಂದ ಪರೀಕ್ಷಾರ್ಥಿಯಂತೆ ಅವನು ಅರ್ಧ ಗಂಟೆ ಚಡಪಡಿಸಿ, ಬರ್ತೀನಿ ಎಂದೂ ಹೇಳದೆ ಎದ್ದುಬಂದ.

ಹನ್ನೊಂದಕ್ಕೆ ಮತ್ತೆ ಹೋದ. ಮಧುರಾ ಅವನನ್ನೇ ನೋಡಿದಳು. ಅವನು ನೆಲ ನೋಡಿದ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಚಂದ್ರಶೇಖರಯ್ಯ, ಮೂರನೆಯ ಸಲ ಹೋಗುವುದು ಶುಭವಲ್ಲ, ಹೋಗುವುದಾದರೆ ನಾಲ್ಕನೆಯ ಸಲ ಹೋಗು ಎಂದರು. ಮೂರನ್ನು ಬಿಟ್ಟು ನಾಲ್ಕಕ್ಕೆ ಹೋಗುವುದು ಹೇಗೆಂದು ಯೋಚಿಸುವುದರಲ್ಲಿ ಎರಡು ಗಂಟೆಯಾಯಿತು. ಕೊನೆಗೆ ಬಾಗಿಲ ತನಕ ಹೋಗಿ ತಿರುಗಿ ಬಂದ. ಹೊಸ್ತಿಲು ದಾಟದ್ದರಿಂದ ದೋಷವಿಲ್ಲ, ಆದರೆ ಲೆಕ್ಕಕ್ಕೆ ಬರುತ್ತದೆ ಎಂದು ಮೇಷ್ಟ್ರು ಒಪ್ಪಿದರು.

ನಾಲ್ಕನೆಯ ಸಲ ಕೂತಾಗ ಮಧುರಾಳೇ ಬಾಯಿಬಿಟ್ಟಳು.

“ಏನಾದ್ರೂ ಬೇಕಿತ್ತಾ ಜುಮಾ?”

ಬಾಗಿಲಲ್ಲಿ ಶೈಲಜಮ್ಮ ನಿಂತಿದ್ದರು. ಅವನು ಗಂಟಲಿಗೆ ಬಂದದ್ದನ್ನು ಕಹಿ ಮಾತ್ರೆಯಂತೆ ನುಂಗಿದ.

“ಏನಿಲ್ಲ ಅಕ್ಕ.”

ಮಹಡಿಗೆ ಹೋಗಿ ಗಡಿಯಾರ ನೋಡುತ್ತ ಕೂತ. ಐದು ಹೊಡೆಯಿತು.

ಐದೂವರೆಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಮಧುರಾ. ಗಂಡ ಹೋದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಇದೇ ಮೊದಲು.

“ಬೆಳಗ್ಗೇನೇ ಸಿಕ್ತು. ನೀನು ಬಂದಾಗೆಲ್ಲ ಸೆರಗಲ್ಲಿ ಮುಚ್ಚಿಟ್ಕೊಂಡೇ ಕೂತಿದ್ದೆ. ಹೋದವರ ಹತ್ರ ಇದ್ದಿದ್ದನ್ನ, ಅದು ಯಾರದ್ದೋ ಅವರಾಗೇ ಬಂದು ಕೇಳೋ ತನಕ ಕೊಡಬಾರದಂತೆ. ಶೈಲಜಮ್ಮ ಮೊನ್ನೆ ಹೇಳಿದ್ರು.”

ಅವಳು ಪಾಸ್‌ಪೋರ್ಟನ್ನು ಅವನ ಅಂಗೈಯಲ್ಲಿಟ್ಟಳು.

“ನೀನು ಕೇಳ್ಲೇ ಇಲ್ಲ.”