ಗುರುವಾರದ ಉಪನ್ಯಾಸದಲ್ಲಿ ಅತ್ತ ಕೃತ್ತಿಕಾಳ ಪರವಾಗಿ

ಭೌತಶಾಸ್ತ್ರ ಮತ್ತು ಖಗೋಳವಿಜ್ಞಾನ ವಿಭಾಗದ ಗುರುವಾರದ ಉಪನ್ಯಾಸಗಳನ್ನು ಹೊತ್ತು ನಡೆಸುತ್ತಿರುವ ಮಾನ್ಯ ಡಾ. ಚಂದ್ರಪ್ಪನವರೇ,

ತಮ್ಮ ಸಂಶೋಧನಾ ವಿದ್ಯಾರ್ಥಿನಿಯೂ ಹಾಲುಗೂಸು ಕೃತ್ತಿಕಾಳ ತಾಯಿಯೂ ಆದ ಸೃಷ್ಟಿ, ಒಂದು ಕೈಯಲ್ಲಿ ಮಗು ಇರುವುದರಿಂದ ಇನ್ನೊಂದೇ ಕೈಯಲ್ಲಿ ಶರವಣಂಪಟ್ಟಿಯಿಂದ ಸಲ್ಲಿಸುವ ಅರ್ಧ ನಮಸ್ಕಾರ. ಇದು ಬಹಿರಂಗ ಪತ್ರವೇ ಆದರೂ ತಮಿಳರ ನಡುವಿನ ನಮ್ಮ ವಿಭಾಗದಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ ಆದ್ದರಿಂದ ಮರ್ಯಾದೆ ನಮ್ಮೊಳಗೇ ಉಳಿಯುತ್ತದೆ.

ಕಳೆದ ಗುರುವಾರ ಅತಿಥಿ ವಿಜ್ಞಾನಿಗಳು ನಕ್ಷತ್ರಗಳ ಬೆಳಕಿನ ಏರಿಳಿತವನ್ನು ವಿವರಿಸುತ್ತಿದ್ದಾಗ ನನ್ನ ಮಗಳು ಅತ್ತದ್ದು ನಿಜ. ಆದರೆ ಅಳತೆಯಲ್ಲಿ ಎಷ್ಟು ತಪ್ಪಿರಬಹುದೆಂಬ ಗುರುತೇ ಇಲ್ಲದ ನಕ್ಷೆಯೊಂದು ತೆರೆಯ ಮೇಲೆ ಬಂದ ಕ್ಷಣದಲ್ಲೇ ಅವಳು ಅತ್ತಳೆಂಬುದನ್ನು, ಇಡೀ ಸಭೆಯಲ್ಲಿ ಅದಕ್ಕೆ ಆಕ್ಷೇಪಿಸಿದವಳು ಅವಳೊಬ್ಬಳೇ ಎಂಬುದನ್ನು ತಾವು ಗಮನಿಸಬೇಕು. ಮುಂದಿನ ಸಾಲಿನ ಹಿರಿಯರು ಆಗ ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಚಹಾ, ಬಜ್ಜಿ ಮುಗಿಸಿ ಬಂದು ಮೊದಲ ಚಿತ್ರಕ್ಕೇ ಗಾಢ ಚಿಂತನೆಗಿಳಿದು, ಕೊನೆಯ ‘ವಂದನೆಗಳು’ ಕಾಣುತ್ತಲೇ ಎಚ್ಚೆತ್ತು, ಇದು ಮೊದಲೇ ಗೊತ್ತಿದ್ದ ಸಂಗತಿಯಲ್ಲವೇ ಎಂದು ಕೇಳುವ ಅವರ ಸಿದ್ಧಿ ನನಗೆ ಒಂದು ರಾತ್ರಿಯ ಮಟ್ಟಿಗಾದರೂ ಒಲಿಯಬಾರದೇ! ಮಗಳು ಎಚ್ಚರವಿದ್ದರೆ ಏಕೆ ಮಲಗಿಲ್ಲವೆಂದೂ, ಮಲಗಿದರೆ ಉಸಿರಾಡುತ್ತಿದ್ದಾಳೆಯೇ ಎಂದೂ ಮೂಗಿನ ಬಳಿ ಬೆರಳಿಟ್ಟುಕೊಂಡು ಕೂರುವವಳು ನಾನು.

ಮರುದಿನವೇ ಮಕ್ಕಳಿಗೆ ಸಭಾಂಗಣದೊಳಗೆ ಪ್ರವೇಶವಿಲ್ಲವೆಂಬ ತಮ್ಮ ಸುತ್ತೋಲೆ ಬಾಗಿಲಿಗೆ ಬಂತು. ಅದನ್ನು ಅಂಟಿಸುತ್ತಿದ್ದ ಅಟೆಂಡರ್ ರಂಗನಾಯಕಿಯಮ್ಮ, ಅನ್ನೂರಿನ ನೇಕಾರರ ಮನೆಯವರು, ಕೂಸನ್ನು ಕೊಳಂದೆಯೆಂದೂ ನನ್ನನ್ನು ಮುದ್ದಿಗೆ ಕಣ್ಣು ಎಂದೂ ಕರೆಯುವ ತಮ್ಮ ತಮಿಳು ಬೆರೆತ ಮನೆಗನ್ನಡದಲ್ಲಿ, “ಕೊಳಂದೆ ಅಳ್ದೆ ಏನ್ ಮಾಡ್ತದೆ ಕಣ್ಣು? ನಿಮ್ಮ ಸಾರುಗಳು ಗೊರಕೆ ಹೊಡೀತಾರಲ್ಲ, ಅದುಕ್ಕೆ ಒಂದು ಪೇಪರ್ ಅಂಟ್ಸಕ್ಕೆ ಹೇಳು” ಎಂದರು. ಶಾಂತಂ ಪಾಪಂ ಎಂದು ನಾನು ಅವರನ್ನು ಸುಮ್ಮನಾಗಿಸಿದೆ.

ಮಾನ್ಯರೇ, ಬರುವ ಗುರುವಾರದ ಉಪನ್ಯಾಸ ನನ್ನದು. ಅದು ನಡೆಯದೆ ನನ್ನ ಪಿಎಚ್.ಡಿ. ಪ್ರಬಂಧವನ್ನು ಸ್ವೀಕರಿಸುವುದಿಲ್ಲ, ಮುಂದೂಡಿದರೆ ನನ್ನ ನೋಂದಣಿಯ ಅವಧಿಯೇ ಮುಗಿಯುತ್ತದೆ. ಮಗಳು ಬಾಟಲಿ ಮುಟ್ಟುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯವು ತುರ್ತು ನಿರ್ಣಯವೊಂದನ್ನು ಕೈಗೊಂಡು ಅವಳ ಹಸಿವನ್ನು ಪ್ರಶ್ನೋತ್ತರದ ನಂತರಕ್ಕೆ ಮುಂದೂಡಬೇಕೆಂದೂ, ನಿರ್ಣಯದ ಒಂದು ಪ್ರತಿಯನ್ನು, ಅವಳು ಅದನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಲ್ಯಾಮಿನೇಟ್ ಮಾಡಿಸಿ, ಅವಳಿಗೆ ಕಳುಹಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಅದು ಸಾಧ್ಯವಾಗದಿದ್ದರೂ ಸುತ್ತೋಲೆಯನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ಅದು ನಿಷೇಧಿಸಿರುವುದು ಸಭಾಂಗಣದ ಒಳಗನ್ನು ಮಾತ್ರ. ಗುರುವಾರ ಮಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾನು ವರಾಂಡದಲ್ಲೇ ಮಾತನಾಡುತ್ತೇನೆ. ತೆರೆ ಕಟ್ಟಲು ಎರಡು ಕಂಬಗಳಿವೆ, ನೋಡಿ ಬಂದಿದ್ದೇನೆ. ನನ್ನ ಪ್ರಬಂಧದ ಸಮಿತಿಯವರು ದಯವಿಟ್ಟು ಹೊರಗೆ ಬರಬೇಕು.

ನಿದ್ದೆಯೊಂದನ್ನು ಬಿಟ್ಟು ಬೇರೇನನ್ನೂ ಕೈಬಿಡದ,
ತಮ್ಮ ವಿಶ್ವಾಸಿ,
ಸೃಷ್ಟಿ

ಮರೆತ ಮಾತು: ವರಾಂಡದಲ್ಲಿರುವುದು ಒರಗಿಲ್ಲದ ಕಲ್ಲುಬೆಂಚುಗಳು. ಹಿರಿಯರು ಯಾರಾದರೂ ಮುಂದಕ್ಕೆ ವಾಲಿದರೆ, ಅದನ್ನು ನನ್ನ ವಿಷಯದಲ್ಲಿ ಅವರು ತೋರಿದ ಆಸಕ್ತಿಯೆಂದೇ ವರದಿಯಲ್ಲಿ ದಾಖಲಿಸಬೇಕಾಗಿ ವಿನಂತಿ.